ಒಂದು ಸಾವು, ಎರಡು ಕಡತ
(ವಕೀಲೆಯೊಬ್ಬಳ ದಿನಚರಿಯ ಪುಟಗಳು)

ಏಪ್ರಿಲ್ 13, 2025, ರವಿವಾರ ರಾತ್ರಿ

ಹುಬ್ಬಳ್ಳಿಯಲ್ಲಿ ಐದು ವರ್ಷದ ಹುಡುಗಿಯ ಕೊಲೆ. ಅಶೋಕನಗರ ಠಾಣೆಯ ಮುಂದೆ ಜನ ಕಿಕ್ಕಿರಿದದ್ದನ್ನು ಟಿವಿಯಲ್ಲಿ ನೋಡುತ್ತ ಕೂತಿದ್ದೆ. ಸಂಜೆ ಇನ್ನೊಂದು ಸುದ್ದಿ ಬಂತು. ಬಂಧಿಸಿದ್ದ ಬಿಹಾರದ ಕೂಲಿಕಾರ ಪೊಲೀಸರ ಗುಂಡಿಗೆ ಸತ್ತಿದ್ದಾನೆ. ಗುರುತು, ವಿಳಾಸದ ಪತ್ತೆಗೆ ಕರೆದೊಯ್ದಿದ್ದಾಗ ಕಲ್ಲು ತೂರಿ ಓಡಲು ನೋಡಿದ, ಗಾಳಿಯಲ್ಲಿ ಗುಂಡು ಹಾರಿಸಿದರೂ ನಿಲ್ಲಲಿಲ್ಲ ಎಂಬುದು ಪೊಲೀಸರ ಹೇಳಿಕೆ. ಗುಂಡು ಹಾರಿಸಿದವರು ಮಹಿಳಾ ಪಿಎಸ್ಐ.

ಕೇಳಿದ ಕ್ಷಣ ಮೈ ಹಗುರಾಯಿತು. ಬಾರ್ ರೂಮಿನಲ್ಲಿ ಹೇಳಲಾರದ ಮಾತು, ಇಲ್ಲಿ ಬರೆದಿಡಬಹುದು. ಆದರೆ ಕರಿಕೋಟಿನ ತಲೆ ಸುಮ್ಮನಿರುವುದಿಲ್ಲವಲ್ಲ. ಮಗುವಿನ ಕೊಲೆಯದೊಂದು ಕಡತ ಇದೆ. ಈ ಸಾವಿನದು ಇನ್ನೊಂದು ಕಡತ. ಅದರಲ್ಲಿ ಫಿರ್ಯಾದಿ ಯಾರು, ಆರೋಪಿ ಯಾರು?

ಏಪ್ರಿಲ್ 14, ಸೋಮವಾರ

ಅಂಬೇಡ್ಕರ್ ಜಯಂತಿ, ಕೋರ್ಟಿಗೆ ರಜೆ. ಕಾಕಾ ಊಟಕ್ಕೆ ಬಂದಿದ್ದರು. ಎಎಸ್ಐ ಆಗಿ ನಿವೃತ್ತರಾದವರು, ಇಲಾಖೆಯ ಮೇಲೆ ಯಾರೇ ಮಾತಾಡಿದರೂ ತಮ್ಮ ಮೇಲೆ ಮಾತಾಡಿದ ಹಾಗೆ ತಿಳಿಯುವವರು.

“ನಿರ್ಭಯಾ ಕೇಸಿಗೆ ಎಷ್ಟು ವರ್ಷ ಹಿಡೀತು, ಹೇಳವಾ? ಏಳು ವರ್ಷ! ನಮ್ಮ ಹುಡುಗಿ ಒಂದ ದಿನದಾಗ ಮುಗಿಸಿದ್ಲು.”

ಲೆಕ್ಕ ತಪ್ಪಿಲ್ಲ. 2012ರ ಡಿಸೆಂಬರಿನಲ್ಲಿ ನಡೆದ ಅಪರಾಧಕ್ಕೆ ಗಲ್ಲಾದದ್ದು 2020ರ ಮಾರ್ಚಿನಲ್ಲಿ. ಅದೂ ಇಡೀ ದೇಶವೇ ಬೆನ್ನು ಬಿದ್ದಿದ್ದ ಕೇಸು. ಹೆಸರಿಲ್ಲದ ಕೇಸುಗಳ ಗತಿ ನನಗೆ ದಿನಾ ಕಾಣುತ್ತದೆ. ಮುದ್ದತ್ತಿನ ಮೇಲೆ ಮುದ್ದತ್ತು, ವರ್ಗವಾಗಿ ಹೋದ ತನಿಖಾಧಿಕಾರಿ, ಪಂಚನಾಮೆಗೆ ಸಹಿ ಹಾಕಿ ಕೋರ್ಟಿನಲ್ಲಿ ಏನೂ ನೆನಪಿಲ್ಲ ಎನ್ನುವ ಪಂಚರು. ಆರೋಪಿ ಸತ್ತನೆಂದು ಜನ ಪಟಾಕಿ ಹಚ್ಚಿದ್ದು ಪೊಲೀಸರ ಮೇಲಿನ ಪ್ರೀತಿಗಿಂತ ನಮ್ಮ ಕೋರ್ಟಿನ ಮೇಲಿನ ಬೇಸರಕ್ಕೆ ಎಂದು ಅನ್ನಿಸಿತು.

ಕಾಕಾ ಕೈ ತೊಳೆಯುವಾಗ ಕೇಳಿದೆ: “ಸರ್ವಿಸಿನ್ಯಾಗ ನೀವು ಗುಂಡು ಹಾರಿಸಿದ್ರೇನು?”

“ಫೈರಿಂಗ್ ಪ್ರಾಕ್ಟೀಸ್ ಬಿಟ್ರ ಒಮ್ಮೆನೂ ಇಲ್ಲ. ಒಂದು ಕಾಡತೂಸು ಕಮ್ಮಿ ಬಿದ್ರ ಎಷ್ಟು ಕಾಗದ ಬರೀಬೇಕು ಗೊತ್ತದ ಏನು? ಖಾಲಿ ಕೇಸು ಸುದ್ದಾ ಎಣಿಸಿ ತಿರುಗಿ ಕೊಡಬೇಕು.”

ಇಲಾಖೆಯ ದಫ್ತರದಲ್ಲಿ ಗುಂಡಿಗೆ ಲೆಕ್ಕ ಇದೆ. ಗುಂಡು ತಗುಲಿದವನ ಲೆಕ್ಕ ಯಾವ ದಫ್ತರದಲ್ಲಿದೆ?

ಏಪ್ರಿಲ್ 15, ಮಂಗಳವಾರ

ಬಾರ್ ರೂಮಿನಲ್ಲಿ ಪೇಢೆ ಹಂಚಿದರು. ನಾನೂ ತಗೊಂಡೆ, ಚೀಲದಲ್ಲಿಟ್ಟುಕೊಂಡೆ. ಹಿರಿಯ ಸಹೋದ್ಯೋಗಿಯೊಬ್ಬರು 2019ರ ಡಿಸೆಂಬರಿನ ಹೈದರಾಬಾದ್ ಎನ್‌ಕೌಂಟರ್ ನೆನೆದು, “ಅಲ್ಲೂ ಕಮಿಷನರ್ ನಮ್ಮ ಹುಬ್ಬಳ್ಳಿಯವರ ಇದ್ರು” ಎಂದರು. ಹೌದು, ಆಗ ಸೈಬರಾಬಾದ್ ಕಮಿಷನರ್ ಆಗಿದ್ದ ವಿ.ಸಿ. ಸಜ್ಜನರ ಹುಬ್ಬಳ್ಳಿ ಮೂಲದವರು. ಆ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಸಂಭ್ರಮ ನೋಡಿದವರು ಈ ವಾರದ ಸಂಭ್ರಮಕ್ಕೆ ಬೆರಗಾಗಲಿಕ್ಕಿಲ್ಲ.

ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ಹೈಕೋರ್ಟಿಗೆ ಹೋಗಿದೆ. ಎನ್‌ಕೌಂಟರ್ ಸಾವುಗಳಿಗೆ ಸುಪ್ರೀಂ ಕೋರ್ಟು 2014ರಲ್ಲಿ ಹಾಕಿಕೊಟ್ಟ ನಿಯಮ ಪಾಲಿಸಲಿ ಎಂಬುದು ಬೇಡಿಕೆ. ತನಿಖೆ ಸಿಐಡಿಗೆ ಹೋಗಿದೆ. ಪೇಢೆ ತಿನ್ನುತ್ತಿದ್ದವರ ಪೈಕಿ ಇಬ್ಬರು, “ಇವ್ರಿಗೆ ಬ್ಯಾರೆ ಕೆಲಸ ಇಲ್ಲ” ಎಂದರು. ಅವರೂ ಆರೋಪಿಗಳ ಪರವಾಗಿ ವಕಾಲತ್ತು ಹಾಕಿಯೇ ಹೊಟ್ಟೆ ಹೊರೆಯುವವರು.

ಏಪ್ರಿಲ್ 16, ಬುಧವಾರ

ಜೂನಿಯರ್ ಹುಡುಗ ಕೇಳಿದ: “ಮೇಡಂ, ಎನ್‌ಕೌಂಟರಿಗೆ ಬಿಎನ್‌ಎಸ್‌ಎಸ್ನ್ಯಾಗ ಯಾವ ಸೆಕ್ಷನ್ ರೀ?”

ಅಂಥ ಸೆಕ್ಷನ್ನೇ ಇಲ್ಲ ಎಂದೆ. ಬಂಧಿಸಲು ಬೇಕಾದಷ್ಟು ಬಲ ಬಳಸಲು ಆ ಹೊಸ ಅಪರಾಧ ಪ್ರಕ್ರಿಯಾ ಸಂಹಿತೆಯ 43ನೇ ಕಲಂ ಬಿಡುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಇಲ್ಲದವನನ್ನು ಆ ನೆಪದಲ್ಲಿ ಕೊಲ್ಲುವಂತಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಹುಡುಗ ಚುರುಕು. “ಇವನ ಮ್ಯಾಲೆ ಅಂಥಾ ಆರೋಪ ಇತ್ತಲ್ರಿ?” ಎಂದ. ಇತ್ತು. ಹಾಗಾಗಿ ಗುಂಡು ಹಾರಿಸಿದ್ದೇ ತಪ್ಪು ಎಂದು ಯಾರೂ ಎದ್ದುನಿಂತು ಹೇಳಲಾಗದು. ಅಷ್ಟು ಬಲ ಅಗತ್ಯವಿತ್ತೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಆ ಪ್ರಶ್ನೆಯನ್ನು ಯಾರು ಕೇಳಬೇಕು, ಎಲ್ಲಿ ಕೇಳಬೇಕು ಎಂಬುದೇ ನಮ್ಮ ವಿಷಯ.

ಅವನಿಗೆ ನನ್ನ ಹಳೆಯ ಕಕ್ಷಿದಾರನೊಬ್ಬನ ಕಥೆ ಹೇಳಿದೆ. ಕಲಘಟಗಿ ಕಡೆಯ ರೈತ. ಬದುವಿನ ಜಗಳದಲ್ಲಿ ಎದುರಿನವನು ಕುಡಗೋಲು ಎತ್ತಿದ, ಇವನು ಕೊಡಲಿ ಬೀಸಿದ. ಎದುರಿನವನು ಸತ್ತ. ರೈತನನ್ನು ಅಂದೇ ಹಿಡಿದರು, ಕೊಲೆ ಕೇಸು ಹಾಕಿದರು. ಜೀವ ಉಳಿಸಿಕೊಳ್ಳಲು ಹೊಡೆದೆ ಎಂದು ಅವನು ಠಾಣೆಯಲ್ಲೂ ಹೇಳಿದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಸೆಷನ್ಸ್ ಕೋರ್ಟು ಅವನ ಕೈಮೇಲಿನ ಗಾಯದ ವೈದ್ಯಕೀಯ ಪತ್ರ ನೋಡಿ, ಸಾಕ್ಷಿ ಕೇಳಿ ಬಿಡುಗಡೆ ಮಾಡಿತು. ಆತ್ಮರಕ್ಷಣೆ ಎನ್ನುವುದು ಒಂದು ಸಮರ್ಥನೆ. ಅದನ್ನು ಹೇಳುವವನೇ ತೋರಿಸಿಕೊಡಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 105, ಹೊಸದರಲ್ಲಿ 108. ರೈತನಿಗೂ ಫೌಜದಾರನಿಗೂ ಅದೊಂದೇ ಕಲಂ.

ನಡೆಯುವುದು ಮಾತ್ರ ಬೇರೆ. ಪೊಲೀಸರ ಗುಂಡಿಗೆ ಯಾರಾದರೂ ಸತ್ತರೆ ಠಾಣೆಯಲ್ಲಿ ಒಂದು ಎಫ್ಐಆರ್ ಆಗುತ್ತದೆ. ಪೊಲೀಸರ ಮೇಲೆ ಹಲ್ಲೆ, ಕೊಲೆ ಯತ್ನ ಎಂದು ಅದರಲ್ಲಿ ಬರೆದಿರುತ್ತದೆ. ಫಿರ್ಯಾದಿ ಪೊಲೀಸ್ ಅಧಿಕಾರಿ, ಆರೋಪಿ ಸತ್ತವನು. ಆರೋಪಿ ಸತ್ತ ಮೇಲೆ ಕೇಸು ಅಬೇಟ್ ಆಗುತ್ತದೆ. ಹೀಗೆ ಕೊಂದದ್ದರ ಬಗ್ಗೆ ಕೇಸೇ ಹುಟ್ಟುವುದಿಲ್ಲ. ಹುಟ್ಟಿದ ಕೇಸಿನಲ್ಲಿ ಉತ್ತರ ಹೇಳಬೇಕಾದವನು ಬದುಕಿಲ್ಲ. ಯಾವ ನ್ಯಾಯಾಧೀಶರೂ, ಅಮ್ಮಾ, ನೀವು ಎಲ್ಲಿ ನಿಂತಿದ್ದಿರಿ, ಅವನು ಎಷ್ಟು ದೂರ ಇದ್ದ ಎಂದು ಕೇಳುವ ಸಂದರ್ಭವೇ ಬರುವುದಿಲ್ಲ.

ಈ ಗಂಟನ್ನು ಬಿಡಿಸಲು ನೋಡಿದ್ದು ಆಂಧ್ರ ಹೈಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, 2009ರ ಫೆಬ್ರುವರಿಯಲ್ಲಿ. ಕೊಂದ ಪೊಲೀಸರ ಮೇಲೆಯೇ ಎಫ್ಐಆರ್ ಆಗಬೇಕು, ಆತ್ಮರಕ್ಷಣೆಯನ್ನು ವಿಚಾರಣೆಯಲ್ಲಿ ಸಾಬೀತು ಮಾಡಲಿ ಎಂದಿತು. ಆ ತೀರ್ಪಿಗೆ ಸುಪ್ರೀಂ ಕೋರ್ಟಿನಲ್ಲಿ ತಡೆ ಬಿತ್ತು.

ಏಪ್ರಿಲ್ 17, ಗುರುವಾರ

ಸುಪ್ರೀಂ ಕೋರ್ಟಿನ 2014ರ ಸೆಪ್ಟೆಂಬರ್ 23ರ ತೀರ್ಪನ್ನು ಮತ್ತೆ ಓದಿದೆ. ಮುಂಬೈಯಲ್ಲಿ 1995ರಿಂದ 1997ರೊಳಗೆ ನಡೆದ 99 ಎನ್‌ಕೌಂಟರುಗಳಲ್ಲಿ ಸುಮಾರು 135 ಜನ ಸತ್ತದ್ದರ ಬಗ್ಗೆ ಪಿಯುಸಿಎಲ್ ಹೂಡಿದ್ದ ದಾವೆ ಅದು. ಲೋಧಾ ಮತ್ತು ನಾರಿಮನ್ ಅವರ ಪೀಠ 16 ಸೂಚನೆ ಕೊಟ್ಟಿತು. ಸಿಐಡಿ ಅಥವಾ ಬೇರೆ ಠಾಣೆಯ ತಂಡದಿಂದ ತನಿಖೆ, ಇಬ್ಬರು ವೈದ್ಯರಿಂದ ವಿಡಿಯೊ ಸಮೇತ ಶವಪರೀಕ್ಷೆ, ಮ್ಯಾಜಿಸ್ಟ್ರೇಟರ ವಿಚಾರಣೆ, ಬಳಸಿದ ಆಯುಧವನ್ನು ಪರೀಕ್ಷೆಗೆ ಒಪ್ಪಿಸುವುದು, ಘಟನೆಯ ಬೆನ್ನಿಗೇ ಬಡ್ತಿ ಅಥವಾ ಶೌರ್ಯಪದಕ ಕೊಡಬಾರದೆಂಬ ಕಟ್ಟಳೆ.

ಒಳ್ಳೆಯ ಪಟ್ಟಿ. ಎಫ್ಐಆರ್ ಆಗಬೇಕು, ಕೋರ್ಟಿಗೆ ಹೋಗಬೇಕು ಎಂದೂ ಇದೆ. ಯಾರ ಮೇಲೆ ಎಂದು ಮಾತ್ರ ಇಲ್ಲ. ಬಾಗಿಲು ತೆರೆದ ಕೋರ್ಟೇ ಒಂದು ಸಂದು ಬಿಟ್ಟಿತು, ಸತ್ತವನ ಮೇಲಿನ ಎಫ್ಐಆರು ಆ ಸಂದಿನಿಂದ ಇವತ್ತಿಗೂ ಒಳಗೆ ಬರುತ್ತದೆ. ಬಾಂಬೆ ಹೈಕೋರ್ಟು ಇದೇ ತಿಂಗಳ 7ರಂದು ಬದ್ಲಾಪುರ ಪ್ರಕರಣದಲ್ಲಿ ಹೇಳಿದ್ದು ಈ ಕಾರಣಕ್ಕೆ ಮುಖ್ಯ. ಪೊಲೀಸ್ ವ್ಯಾನಿನೊಳಗೆ ಆರೋಪಿ ಗುಂಡಿಗೆ ಸತ್ತಿದ್ದ. ಮ್ಯಾಜಿಸ್ಟ್ರೇಟರ ವರದಿ ಪೊಲೀಸರ ಹೇಳಿಕೆಯನ್ನು ಒಪ್ಪಿರಲಿಲ್ಲ. ಆದರೂ ಸರ್ಕಾರ ಎಫ್ಐಆರ್ ಹಾಕಲು ಮೀನಮೇಷ ಎಣಿಸುತ್ತಿತ್ತು. ಹೈಕೋರ್ಟು ವಿಶೇಷ ತನಿಖಾ ತಂಡ ರಚಿಸಲು ಆದೇಶಿಸಿತು.

ಇವೆಲ್ಲಕ್ಕೂ ಮುಂಚೆ ಒಬ್ಬ ಕನ್ನಡಿಗರು ಈ ಕೆಲಸಕ್ಕೆ ಕೈ ಹಾಕಿದ್ದರು. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದಾಗ ಎಲ್ಲ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಪೊಲೀಸರು ಕೊಂದ ಪ್ರಕರಣವನ್ನು ಅದೇ ಠಾಣೆಯವರು ತನಿಖೆ ಮಾಡಬಾರದು, ಸಿಐಡಿಯಂಥ ಬೇರೆ ಸಂಸ್ಥೆಗೆ ಒಪ್ಪಿಸಬೇಕು ಎಂದು. ತಾರೀಖು 29 ಮಾರ್ಚ್ 1997.

ಎರಡೇ ದಿನಕ್ಕೆ, ಮಾರ್ಚ್ 31ರಂದು, ದೆಹಲಿಯ ಕನಾಟ್ ಪ್ಲೇಸಿನಲ್ಲಿ ಕ್ರೈಂ ಬ್ರಾಂಚಿನವರು ಒಂದು ಮಾರುತಿ ಎಸ್ಟೀಮ್ ಕಾರಿನ ಮೇಲೆ ಗುಂಡಿನ ಮಳೆ ಸುರಿಸಿದರು. ಒಳಗಿದ್ದವನು ಕುಖ್ಯಾತ ರೌಡಿ ಎಂದುಕೊಂಡಿದ್ದರು. ಸತ್ತವರು ಇಬ್ಬರು ವ್ಯಾಪಾರಿಗಳು. ಕಾರಿನಿಂದಲೇ ಮೊದಲು ಗುಂಡು ಬಂತು ಎಂದರು, ಕಾರಿನೊಳಗೆ ಪಿಸ್ತೂಲೂ ಸಿಕ್ಕಿತು. ಅದು ಪೊಲೀಸರೇ ತಂದಿಟ್ಟದ್ದು ಎಂದು ಸಿಬಿಐ ತನಿಖೆ ಹೇಳಿತು. ಎಸಿಪಿ ಎಸ್.ಎಸ್. ರಾಠಿ ಸೇರಿ ಹತ್ತು ಪೊಲೀಸರಿಗೆ 2007ರಲ್ಲಿ ಜೀವಾವಧಿ ಶಿಕ್ಷೆಯಾಯಿತು, 2011ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು.

ಆ ಪ್ರಕರಣದಲ್ಲಿ ಪೊಲೀಸರಿಗೆ ಶಿಕ್ಷೆ ಸಾಧ್ಯವಾದದ್ದು ಹೇಗೆ? ಕಾರಿನಲ್ಲಿದ್ದ ಮೂರನೆಯವನು ಗಾಯಗೊಂಡು ಬದುಕಿದ್ದ, ಸಾಕ್ಷಿ ಹೇಳಿದ. ಸತ್ತವರು ಮಧ್ಯಮವರ್ಗದ ಕಣ್ಣಿಗೆ ನಮ್ಮವರೇ ಎಂದು ಕಾಣುವಂಥವರು. 2009ರಲ್ಲಿ ಡೆಹ್ರಾಡೂನಿನಲ್ಲಿ ಎಂಬಿಎ ಓದಿದ ಹುಡುಗನನ್ನು ಕೊಂದ ಪ್ರಕರಣದಲ್ಲೂ ಪೊಲೀಸರಿಗೆ ಶಿಕ್ಷೆಯಾಯಿತು. ಕಾನೂನು ನಡೆಯುವುದೇ ಇಲ್ಲ ಎಂದಲ್ಲ. ಸತ್ತವನಿಗೆ ಹೇಳುವವರು ಕೇಳುವವರು ಇದ್ದ ಕಡೆ ನಡೆದಿದೆ. ದೂರದ ಊರಿನ ಕೂಲಿಯವನಿಗೆ, ಅದೂ ಇಂಥ ಆರೋಪ ಹೊತ್ತವನಿಗೆ, ಯಾರು ಕೇಳುತ್ತಾರೆ?

ಏಪ್ರಿಲ್ 18, ಶುಕ್ರವಾರ

ಗುಡ್ ಫ್ರೈಡೆ ರಜೆ. ದಿನವೆಲ್ಲ ಸಿರ್ಪುರ್ಕರ್ ಆಯೋಗದ ವರದಿ ಹಿಡಿದು ಕೂತೆ.

ಹೈದರಾಬಾದಿನಲ್ಲಿ 2019ರ ನವೆಂಬರ್ 27ರಂದು ಪಶುವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ. ಡಿಸೆಂಬರ್ 6ರ ಬೆಳಗಿನ ಜಾವ ಚಟಾನ್‌ಪಲ್ಲಿಯ ಬಳಿ ನಾಲ್ವರೂ ಆರೋಪಿಗಳು ಗುಂಡಿಗೆ ಸತ್ತರು. ಆಯುಧ ಕಸಿದುಕೊಂಡು ಗುಂಡು ಹಾರಿಸಿದರು ಎಂಬುದು ಪೊಲೀಸರ ಹೇಳಿಕೆ. ಸುಪ್ರೀಂ ಕೋರ್ಟು ನೇಮಿಸಿದ ಈ ಆಯೋಗ ಅದನ್ನು ನಂಬಲಿಲ್ಲ. ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಯಬೇಕು ಎಂದಿತು. ಆ ಹತ್ತರಲ್ಲಿ ಕಮಿಷನರ ಹೆಸರಿಲ್ಲ. ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರು ಎಂದೂ ಆಯೋಗ ಕಂಡುಕೊಂಡಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವರದಿಯನ್ನು ತೆಲಂಗಾಣ ಹೈಕೋರ್ಟಿಗೆ ಕಳಿಸಿತು. ವಿಚಾರಣೆ ಇನ್ನೂ ಶುರುವಾಗಿಲ್ಲ.

ಆಯೋಗದ ಮೂವರಲ್ಲಿ ಒಬ್ಬರು ಡಿ.ಆರ್. ಕಾರ್ತಿಕೇಯನ್. ರಾಜೀವ್ ಗಾಂಧಿ ಹತ್ಯೆಯ ತನಿಖೆಯ ನೇತೃತ್ವ ವಹಿಸಿದ್ದವರು, ನಮ್ಮ ಕರ್ನಾಟಕ ಕೇಡರಿನ ಐಪಿಎಸ್. ಕಾಕಾಗೆ ಇದನ್ನು ಹೇಳಬೇಕು.

ವರದಿ ಮುಗಿಸಿದ ಮೇಲೂ ತಲೆಯಲ್ಲಿ ಉಳಿದದ್ದು ಆ ಡಾಕ್ಟರ್ ಹುಡುಗಿಯ ಕೇಸು. ಅವಳಿಗೆ ಏನಾಯಿತು ಎಂಬ ಬಗ್ಗೆ ಯಾವ ನ್ಯಾಯಾಲಯವೂ ತೀರ್ಪು ಬರೆಯಲಿಲ್ಲ, ಇನ್ನು ಬರೆಯುವುದೂ ಇಲ್ಲ. ಯಾರು ಏನು ಮಾಡಿದರು, ನಾಲ್ವರೂ ಸಮಾನ ತಪ್ಪಿತಸ್ಥರೇ, ಬೇರೆ ಯಾರಾದರೂ ಇದ್ದರೇ ಎಂಬ ಪ್ರಶ್ನೆಗಳೆಲ್ಲ ಆ ಬೆಳಗಿನ ಜಾವವೇ ಮುಗಿದವು. ಗುಂಡು ಹಾರಿಸಿದವರ ಕಡತ ಇನ್ನೂ ತೆರೆದಿದೆ, ಅವಳ ಕಡತ ಅವಳಿಗೆ ನ್ಯಾಯ ಸಿಕ್ಕಿತು ಎಂಬ ಜೈಕಾರದ ನಡುವೆ ಮುಚ್ಚಿತು.

ಹುಬ್ಬಳ್ಳಿಯ ಮಗುವಿಗೂ ಇದೇ ಆಗಿದೆ. ಕಳೆದ ರವಿವಾರ ಸಂಜೆ ಅದರ ಕೇಸೂ ಸತ್ತಿತು.

ಏಪ್ರಿಲ್ 20, ರವಿವಾರ

ಕೆಲಸಕ್ಕೆ ಬರುವಾಕೆಯ ಮುಂದೆ ಈ ಮಾತು ತೆಗೆಯಬಾರದು ಎಂದುಕೊಂಡಿದ್ದೆ. ಆಕೆಯೇ ತೆಗೆದಳು.

“ಸತ್ತದ್ದ ಚಲೋ ಆತ್ರಿ ಅಕ್ಕಾರ. ನಾನೂ ಹುಡುಗೀನ ಓಣ್ಯಾಗ ಬಿಟ್ಟ ಬರ್ತೀನ್ರಿ. ಅಂವ ಬೇಲ್ ಮ್ಯಾಲೆ ಹೊರಗ ಬಂದಿದ್ರ ಯಾರ ಓಣಿಗೆ ಬರ್ತಿದ್ದಾ? ನಮ್ಮ ಓಣಿಗೇ ಅಲ್ರೀ?”

ಪುಸ್ತಕ ಓದಿ ಕೊಡುವ ಉತ್ತರ ಇದಕ್ಕೆ ಸಾಲುವುದಿಲ್ಲ. ಆಕೆ ಕೇಳುತ್ತಿರುವುದು ಮಗಳ ಕಾವಲು. ತಾಯಿ ನಾಲ್ಕು ಮನೆಯ ಪಾತ್ರೆ ತೊಳೆಯುವ ಹೊತ್ತಿನಲ್ಲಿ ಮಗು ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ಈ ವಾರ ಒಬ್ಬ ಮಂತ್ರಿಯ ಬಾಯಲ್ಲೂ ನಾನು ಕೇಳಲಿಲ್ಲ. ವಿಚಾರಣೆ ನಡೆದಿದ್ದರೆ ಸಾಕ್ಷಿಗಳ ಬಾಯಲ್ಲಿ ಆ ಓಣಿ, ಆ ಹಗಲು, ಮಗು ಒಂಟಿಯಾಗಿದ್ದ ಆ ಹೊತ್ತು ಎಲ್ಲವೂ ದಾಖಲೆಗೆ ಬರುತ್ತಿದ್ದವು. ಗುಂಡು ಬಿದ್ದ ಕೂಡಲೇ ಎಲ್ಲರಿಗೂ ಉತ್ತರ ಸಿಕ್ಕಂತಾಯಿತು, ಪ್ರಶ್ನೆ ಅಲ್ಲಿಗೆ ನಿಂತಿತು. ಈಕೆಯ ಮಗಳು ನಾಳೆಯೂ ಓಣಿಯಲ್ಲೇ ಇರುತ್ತಾಳೆ.

ಏಪ್ರಿಲ್ 24, ಗುರುವಾರ

ಪಹಲ್ಗಾಮಿನ ಉಗ್ರರ ದಾಳಿಯ ಸುದ್ದಿ ಬಂದ ಮೇಲೆ ಬೇರೆ ಯಾವ ಸುದ್ದಿಗೂ ಜಾಗವಿಲ್ಲ. ಹುಬ್ಬಳ್ಳಿ ಒಳಪುಟಕ್ಕೆ ಸರಿದಿದೆ. ಅದೇ ಒಳಪುಟದಲ್ಲಿ ಮಹಜರಿಗೆ ಕರೆದೊಯ್ದಾಗ ಪೊಲೀಸರ ಮೇಲೆ ಹಲ್ಲೆ, ಆತ್ಮರಕ್ಷಣೆಗೆ ಕಾಲಿಗೆ ಗುಂಡು ಎಂಬ ನಮ್ಮ ರಾಜ್ಯದ ಮಾಮೂಲು ಸುದ್ದಿಯೂ ಇತ್ತು. ಊರು, ಹೆಸರು ಬದಲಿಸಿದರೆ ಸಾಕು, ಮಿಕ್ಕ ಸಾಲುಗಳು ಅವೇ. ಒಂದು ಕಾಲಿಗೂ ಒಂದು ಜೀವಕ್ಕೂ ನಡುವೆ ಇರುವುದು ಪಿಸ್ತೂಲು ಹಿಡಿದ ಕೈಯ ನಡುಕದಷ್ಟು ಅಂತರ. ಕಾಲಿನ ಕೇಸುಗಳಲ್ಲಿ ಪ್ರಶ್ನೆ ಕೇಳದ ಅಭ್ಯಾಸವಾದ ಮೇಲೆ ಜೀವದ ಕೇಸಿನಲ್ಲಿ ಕೇಳಿದರೆ ಅಪದ್ಧವಾಗಿ ಕಾಣುತ್ತದೆ.

ಏಪ್ರಿಲ್ 27, ರವಿವಾರ

ಕಾಕಾ ಮತ್ತೆ ಬಂದರು. ಕಾರ್ತಿಕೇಯನ್ ವಿಷಯ ಹೇಳಿದೆ. “ಅವ್ರು ದೊಡ್ಡ ಆಫೀಸರ್ರು, ಏಸಿ ರೂಮಿನ್ಯಾಗ ಕುಂತು ಬರೀತಾರ” ಎಂದರು.

“ಅಜಯ್ ಕುಮಾರ್ ಸಿಂಗ್ ಸಾಹೇಬ್ರ ಬಗ್ಗೆ ಏನಂತೀರಿ?” ಎಂದೆ. ಕಾಕಾ ನೆಟ್ಟಗೆ ಕೂತರು. ನಮ್ಮ ರಾಜ್ಯದ ಡಿಜಿಪಿ ಆಗಿದ್ದವರು, ಕಾಕಾ ಬಹಳ ಗೌರವ ಇಟ್ಟುಕೊಂಡ ಅಧಿಕಾರಿ.

ಮಣಿಪುರದಲ್ಲಿ ಗಂಡಂದಿರನ್ನು, ಮಕ್ಕಳನ್ನು ಕಳೆದುಕೊಂಡ ಹೆಂಗಸರು ಪಟ್ಟಿ ಮಾಡಿಕೊಂಡು 1,528 ಸಾವುಗಳ ಲೆಕ್ಕ ಕೇಳಿ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು 2013ರಲ್ಲಿ ನಮ್ಮ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ನೇತೃತ್ವದಲ್ಲಿ ಆಯೋಗ ನೇಮಿಸಿತು. ಸದಸ್ಯರು ಜೆ.ಎಂ. ಲಿಂಗ್ಡೊ ಮತ್ತು ಅಜಯ್ ಕುಮಾರ್ ಸಿಂಗ್. ಆರು ಪ್ರಕರಣ ಆಯ್ದು ನೋಡಿದರು. ಸತ್ತವರು ಏಳು ಜನ, ಒಬ್ಬ ಹನ್ನೆರಡು ವರ್ಷದ ಹುಡುಗ. ಒಂದೂ ನಿಜವಾದ ಎನ್‌ಕೌಂಟರ್ ಅಲ್ಲ ಎಂದು ಮೂವರೂ ಬರೆದರು. 2017ರಲ್ಲಿ ಕೋರ್ಟು ಸಿಬಿಐ ತನಿಖೆಗೆ ಆದೇಶಿಸಿತು.

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮ್ಯಾಲಿನವ್ರು ಹೊಡಿ ಅಂದ್ರ ಕೆಳಗಿನವ ಏನ ಮಾಡಬೇಕು?” ಎಂದರು. ಇದು ಅವರ ಮನಸ್ಸಿನ ಆಳದಲ್ಲಿದ್ದ ಪ್ರಶ್ನೆ ಎಂದು ತೋರಿತು. 2011ರ ಪ್ರಕಾಶ್ ಕದಂ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರಿಸಿದೆ. ನಕಲಿ ಎನ್‌ಕೌಂಟರಿನಲ್ಲಿ ಮೇಲಧಿಕಾರಿಯ ಆಜ್ಞೆ ಎಂಬ ನೆಪ ನಡೆಯದು. ಉತ್ತರ ಸರಿಯೇ, ಆದರೆ ಅದರ ಭಾರ ಹೊರುವವರು ಕೆಳಗಿನವರು. ಹೈದರಾಬಾದಿನ ಪಟ್ಟಿಯಲ್ಲಿ ಎಸಿಪಿಗಿಂತ ಮೇಲೆ ಯಾರೂ ಇಲ್ಲ. ಗುಂಡು ಹಾರಿಸಿದ ಕೈ ಕೋರ್ಟಿಗೆ ಬಂದರೆ ತಾನೇ ಅದರ ಹಿಂದೆ ಬೇರೆ ಕೈ ಇತ್ತೇ ಎಂದು ಕೇಳಲಾಗುವುದು? ವಿಚಾರಣೆ ಆಗದಿದ್ದರೆ ಮೇಲಿನವರಿಗೇ ಹೆಚ್ಚು ಕ್ಷೇಮ.

ಮೇ 3, ಶನಿವಾರ

ಕಾಕಾ ಫೋನ್ ಮಾಡಿದರು. ವಾರವಿಡೀ ಯೋಚನೆ ಮಾಡಿದ್ದಾರೆ.

“ಒಂದ ಮಾತು ಹೇಳು. ಆ ಪಿಎಸ್ಐ ಹುಡುಗಿ ಹೇಳಿದ್ದು ಖರೇನೇ ಇದ್ರ?”

“ಇರಬಹುದು ಕಾಕಾ. ಖರೇ ಇದ್ರ ಕೋರ್ಟು ಖರೇ ಅಂತ ಬರೀತದ. ಅದಾದ ಮ್ಯಾಲೆ ಅಕಿನ್ನ ಯಾರೂ ಬೊಟ್ಟು ಮಾಡಿ ತೋರಿಸಾಂಗಿಲ್ಲ. ಈಗ ನೋಡ್ರಿ, ಹೊಗಳೋರೂ ಸಾಕ್ಷಿ ಇಲ್ಲದ ಹೊಗಳ್ತಾರ, ಬಯ್ಯೋರೂ ಸಾಕ್ಷಿ ಇಲ್ಲದ ಬಯ್ತಾರ.”

“ಕೋರ್ಟು ಬರಿಯೂದ್ರಾಗ ಅಕಿ ಪೆನ್ಶನ್ ತಗೋತಿರ್ತಾಳ” ಎಂದು ನಕ್ಕು ಫೋನ್ ಇಟ್ಟರು.

ನಗು ಬಂದರೂ ಚುಚ್ಚಿತು. ಪೊಲೀಸರ ಮೇಲೆ ಮೊಕದ್ದಮೆ ನಡೆಯಬೇಕೆಂದರೆ ಸರ್ಕಾರದ ಮಂಜೂರಾತಿ ಬೇಕು ಎಂಬ ತಕರಾರು ಮೊದಲು ಬರುತ್ತದೆ. ಹಳೆಯ ಸಿಆರ್‌ಪಿಸಿಯ 197, ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಯ 170. ನಕಲಿ ಎನ್‌ಕೌಂಟರಿಗೆ ಮಂಜೂರಾತಿ ಬೇಕಿಲ್ಲ ಎಂದು 2016ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ನಕಲಿಯೋ ಅಸಲಿಯೋ ಎಂದು ತೀರ್ಮಾನಿಸುವ ಮುಂಚೆಯೇ ಆ ವಾದದಲ್ಲಿ ವರ್ಷಗಳು ಕಳೆಯುತ್ತವೆ. ಹೊಸ ಸಂಹಿತೆಯ 218ನೇ ಕಲಂ ಒಂದು ಒಳ್ಳೆಯ ಕೆಲಸ ಮಾಡಿದೆ. ಮಂಜೂರಾತಿ ಕೇಳಿದ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಕೊಟ್ಟಂತೆಯೇ ಲೆಕ್ಕ.

ಸರ್ಕಾರಕ್ಕೆ 120 ದಿನದ ಗಡುವು ಹಾಕಬಹುದಾದರೆ ಇಂಥ ಕೇಸಿನ ವಿಚಾರಣೆಗೂ ಗಡುವು ಹಾಕಬಹುದು. ಪ್ರತಿ ಜಿಲ್ಲೆಯಲ್ಲಿ ಒಂದು ಸೆಷನ್ಸ್ ಕೋರ್ಟು, ಗುಂಡು ಹಾರಿಸಿದವರ ಹೆಸರಿನಲ್ಲೇ ಎಫ್ಐಆರ್, ವರ್ಷದೊಳಗೆ ತೀರ್ಪು. ಆರೋಪಿ ಸತ್ತರೂ ಮಗುವಿನ ಕೇಸಿನ ಸಾಕ್ಷ್ಯವನ್ನು ಅದೇ ಕೋರ್ಟು ದಾಖಲಿಸಿಕೊಳ್ಳಲಿ. ಕಾನೂನಿನಲ್ಲಿ ಸದ್ಯ ಅಂಥ ದಾರಿ ಇಲ್ಲ, ಮಾಡಿಕೊಳ್ಳಬೇಕು. ಕಾಕಾನ ತಕರಾರಿಗೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ. ರಜೆಯಲ್ಲಿ ಇದನ್ನು ಟಿಪ್ಪಣಿಯಾಗಿ ಬರೆದು ಬಾರ್ ಅಸೋಸಿಯೇಷನ್ನಿನ ಸಭೆಗೆ ಒಯ್ಯುತ್ತೇನೆ. ಪೇಢೆ ತಿಂದವರೇ ಅಲ್ಲಿ ಹೆಚ್ಚು ಇರುತ್ತಾರೆ. ಮೊದಲು ಅವರು ಒಪ್ಪಬೇಕು.